ಓದುಗರ ಪ್ರಶ್ನೆಗೆ ಉತ್ತರ: ‘ಅಲಮ್’ ಎಂದರೆ ಯಾರು?

ಪ್ರಶ್ನೆ: ನಾನು ಕಲಬುರಗಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದಿ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಚೆಗೆ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ವಾಟ್ಸಾಪಿನಲ್ಲಿ ಆಮಂತ್ರಣ ಬಂದಿತ್ತು. ಅದರ ಮೊದಲ ಸಾಲು ‘ಡಿಯರ್ ಅಲಮ್ಸ್’ ಎಂದಿತ್ತು. ಮನೆಯಲ್ಲಿರುವ ಇಂಗ್ಲಿಷ್–ಕನ್ನಡ ನಿಘಂಟನ್ನು ತೆರೆದು ನೋಡಿದರೆ ಆ ಕಾಗುಣಿತದ ಮುಂದೆ ‘ಪಟಿಕ’ ಎಂಬ ಒಂದೇ ಅರ್ಥವಿದೆ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕಕ್ಕೂ ನಮಗೂ ಏನು ಸಂಬಂಧ? ಸಮಾವೇಶದ ದಿನ ಒಬ್ಬರು ‘ನಾ ಈ ಕಾಲೇಜಿನ ಅಲುಮ್ನಿ ಇದ್ದೀನ್ರಿ’ ಎಂದು ಪರಿಚಯ ಹೇಳಿಕೊಂಡಾಗ ಪಕ್ಕದವರು ‘ಅಲುಮ್ನಿ ಅಲ್ರಿ, ಅಲಮ್ನಸ್ ಅನ್ಬೇಕು’ ಎಂದು ತಿದ್ದಿದರು. ಇವುಗಳಲ್ಲಿ ಸರಿಯಾದುದು ಯಾವುದು, ಇವು ಎಲ್ಲಿಂದ ಬಂದವು, ಕನ್ನಡದಲ್ಲಿ ಬರೆಯುವಾಗ ಏನೆಂದು ಬರೆಯಬೇಕು ಎಂಬುದನ್ನು ದಯವಿಟ್ಟು ತಿಳಿಸಿರಿ.
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ನಿಘಂಟಿನಲ್ಲಿರುವ ಪದವೂ ಆಮಂತ್ರಣದಲ್ಲಿದ್ದ ಪದವೂ ಬೇರೆ ಬೇರೆ. ಇಂಗ್ಲಿಷಿನಲ್ಲಿ ಎರಡರ ಕಾಗುಣಿತ ಒಂದೇ ಆಗಿರುವುದು ಆಕಸ್ಮಿಕ. ಪಟಿಕವನ್ನು ಸೂಚಿಸುವ ಪದ ‘ಅಲುಮೆನ್’ ಎಂಬ ಲ್ಯಾಟಿನ್ ಪದದಿಂದ ಬಂದಿದೆ. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಒಂದು ಲೋಹಕ್ಕೆ ಹೆಸರಿಡುವಾಗ ಇದೇ ಪದವನ್ನು ಆಧಾರವಾಗಿ ಇಟ್ಟುಕೊಂಡುದರಿಂದ ನಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗೂ ಪಟಿಕಕ್ಕೂ ನಂಟಿದೆಯೇ ಹೊರತು ನಿಮಗೂ ಪಟಿಕಕ್ಕೂ ಇಲ್ಲ. ಉಚ್ಚಾರಣೆಯೂ ಬೇರೆ. ಪಟಿಕವನ್ನು ಹೇಳುವಾಗ ಇಂಗ್ಲಿಷಿನವರು ಮೊದಲ ಅಕ್ಷರವನ್ನು ಒತ್ತಿ ‘ಆ್ಯಲಮ್’ ಎನ್ನುತ್ತಾರೆ. ಹಳೆಯ ವಿದ್ಯಾರ್ಥಿಯನ್ನು ಹೇಳುವಾಗ ಎರಡನೆಯ ಅಕ್ಷರವನ್ನು ಒತ್ತಿ ‘ಅಲಮ್’ ಎನ್ನುತ್ತಾರೆ. ಇಂಗ್ಲಿಷ್ ಲಿಪಿ ತೋರಿಸಲಾರದ ಈ ವ್ಯತ್ಯಾಸವನ್ನು ಕನ್ನಡ ಲಿಪಿ ಸಲೀಸಾಗಿ ತೋರಿಸುತ್ತದೆ. (ಕಲಬುರಗಿಯ ಹಿರಿಯರ ಕಿವಿಗೆ ‘ಅಲಮ್’ ಎಂದೊಡನೆ ಮೊದಲು ನೆನಪಾಗುವುದು ಮೊಹರಂ ಮೆರವಣಿಗೆಯಲ್ಲಿ ಹೊರುವ ಅಲಮ್. ಅದು ಧ್ವಜ ಎಂಬ ಅರ್ಥದ ಅರಬ್ಬಿ ಪದ. ಅದಕ್ಕೂ ಈ ಎರಡಕ್ಕೂ ಸಂಬಂಧವಿಲ್ಲ.)

ಆಮಂತ್ರಣದ ‘ಅಲಮ್’ ಎಂಬುದು ‘ಅಲಮ್ನಸ್’ ಎಂಬ ಪದದ ಬಾಲವನ್ನು ಕತ್ತರಿಸಿ ಮಾಡಿಕೊಂಡ ಆಡುಮಾತಿನ ರೂಪ. ಲ್ಯಾಬೊರೇಟರಿಯನ್ನು ಲ್ಯಾಬ್, ಎಕ್ಸಾಮಿನೇಷನ್ನನ್ನು ಎಕ್ಸಾಮ್, ಜಿಮ್ನೇಷಿಯಮ್ಮನ್ನು ಜಿಮ್ ಎಂದು ಮಾಡಿದ ಇಂಗ್ಲಿಷಿನ ವಿದ್ಯಾರ್ಥಿಲೋಕವೇ ಇದನ್ನೂ ಮಾಡಿತು. ಇದು ಹೆಚ್ಚಾಗಿ ಅಮೆರಿಕದ ಕಾಲೇಜುಗಳ ಬಳಕೆಯ ಮಾತು. ಅಲ್ಲಿ ಓದಿದ, ಅಲ್ಲಿಯ ಕಂಪನಿಗಳಲ್ಲಿ ದುಡಿದ ನಮ್ಮ ಮಕ್ಕಳ ಮೂಲಕ ಈಗ ನಮ್ಮ ವಾಟ್ಸಾಪ್ ಗುಂಪುಗಳಿಗೂ ಬಂದಿದೆ. ಮಾತಿನಲ್ಲಿ, ಪತ್ರದಲ್ಲಿ, ಸ್ನೇಹದ ಆಮಂತ್ರಣದಲ್ಲಿ ಇದನ್ನು ಬಳಸಿದರೆ ತಪ್ಪಿಲ್ಲ. ಪ್ರಮಾಣಪತ್ರದಲ್ಲಿ, ಸಂಘದ ನೋಂದಣಿಯ ಕಾಗದದಲ್ಲಿ, ಅಡಿಗಲ್ಲಿನ ಮೇಲೆ ಬಳಸಿದರೆ ಹಗುರವಾಗಿ ಕಾಣುತ್ತದೆ.

ಇನ್ನು ಮೂಲ. ಲ್ಯಾಟಿನ್ನಿನಲ್ಲಿ ‘ಅಲೆರೆ’ ಎಂದರೆ ಉಣಿಸು, ಪೋಷಿಸು, ಸಾಕು. ಅದರಿಂದ ಹುಟ್ಟಿದ ‘ಅಲುಮ್ನುಸ್’ ಎಂದರೆ ಸಾಕಿದ ಮಗು. ಹೆತ್ತವರಲ್ಲದೆ ಬೇರೆಯವರು ಅನ್ನವಿಟ್ಟು ಬೆಳೆಸಿದ ಮಗುವನ್ನು ರೋಮನ್ನರು ಹಾಗೆಂದು ಕರೆಯುತ್ತಿದ್ದರು. ರೋಮ್ ಸಾಮ್ರಾಜ್ಯದ ಕಾಲದ ಗೋರಿಗಲ್ಲುಗಳ ಮೇಲೆ ಈ ಪದ ಮತ್ತೆ ಮತ್ತೆ ಕಾಣಿಸುತ್ತದೆ. ಅಂಥ ಮಕ್ಕಳಲ್ಲಿ ಕೆಲವರು ಸ್ವತಂತ್ರರು, ಕೆಲವರು ಗುಲಾಮರು, ಎಷ್ಟೋ ಮಂದಿ ಹೆತ್ತವರು ಬಿಟ್ಟುಹೋದ ಕೂಸುಗಳು. ಗುರುವೂ ಒಂದು ರೀತಿಯಲ್ಲಿ ಸಾಕುವವನೇ ಆದುದರಿಂದ ಪದದ ಅರ್ಥ ಮುಂದೆ ಶಿಷ್ಯ ಎಂಬಲ್ಲಿಗೆ ಹಬ್ಬಿತು. 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ವಿದ್ಯಾರ್ಥಿ ಎಂಬ ಅರ್ಥದಲ್ಲಿತ್ತು, ಕ್ರಮೇಣ ‘ಓದು ಮುಗಿಸಿ ಹೋದ ವಿದ್ಯಾರ್ಥಿ’ ಎಂಬ ಅರ್ಥದಲ್ಲಿ ನೆಲೆನಿಂತಿತು.

ಈ ಪದದ ಕೊನೆಯಲ್ಲಿರುವ ‘ಮ್ನುಸ್’ ಎಂಬ ಪ್ರತ್ಯಯ ಕನ್ನಡ ಓದುಗರಿಗೆ ಅಪರಿಚಿತವಲ್ಲ ಎಂದರೆ ಆಶ್ಚರ್ಯವಾಗಬಹುದು. ಗ್ರೀಕಿನ ‘ಮೆನೋಸ್’, ಸಂಸ್ಕೃತದ ‘ಮಾನ’ ಇವು ಲ್ಯಾಟಿನ್ನಿನ ಈ ಪ್ರತ್ಯಯದ ಒಡಹುಟ್ಟುಗಳು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ವಿದ್ಯಮಾನ, ವರ್ಧಮಾನ, ಯಜಮಾನ ಎಂಬ ಪದಗಳ ಕೊನೆಯಲ್ಲಿರುವುದು ಇದೇ ‘ಮಾನ’. ಯಜ್ಞ ಮಾಡಿಸಿಕೊಳ್ಳುವವನು ಯಜಮಾನ, ಬೆಳೆಯುತ್ತಿರುವವನು ವರ್ಧಮಾನ, ಪೋಷಣೆ ಪಡೆಯುತ್ತಿರುವವನು ಅಲುಮ್ನುಸ್. ಇಂಗ್ಲಿಷಿನವರು ‘ಅಲಮ್’ ಎಂದು ಮೊಟಕು ಮಾಡಿದಾಗ ಧಾತುವಿನ ಜೊತೆಗೆ ಈ ಪ್ರತ್ಯಯದ ಒಂದು ಚೂರು ಮಾತ್ರ ಉಳಿಯಿತು. ನಾವು ಯಜಮಾನನನ್ನು ‘ಯಜಮ್’ ಎಂದು ಕರೆದರೆ ಹೇಗಿರುತ್ತದೆಯೋ ವ್ಯಾಕರಣದ ದೃಷ್ಟಿಯಿಂದ ಇದೂ ಹಾಗೆಯೇ. ಆದರೆ ಆಡುಮಾತು ವ್ಯಾಕರಣದ ಗಂಟುಗಳನ್ನು ನೋಡಿ ಕತ್ತರಿ ಹಾಕುವುದಿಲ್ಲ.

ಕಾಲೇಜನ್ನು ‘ಆಲ್ಮಾ ಮೇಟರ್’ ಎನ್ನುವುದನ್ನೂ ನೀವು ಕೇಳಿರುತ್ತೀರಿ. ಅಲ್ಲಿಯ ‘ಅಲ್ಮಾ’ ಕೂಡ ಅದೇ ‘ಅಲೆರೆ’ಯ ಮಗಳು, ಪೋಷಿಸುವ ತಾಯಿ ಎಂದರ್ಥ. ರೋಮನ್ನರು ಧಾನ್ಯದೇವತೆ ಸೆರೆಸ್ ಮೊದಲಾದ ದೇವಿಯರಿಗೆ ಈ ವಿಶೇಷಣವನ್ನು ಹಚ್ಚುತ್ತಿದ್ದರು. ನಮ್ಮ ಅನ್ನಪೂರ್ಣೆಗೆ ಹತ್ತಿರದ ಭಾವ. 1088ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ಹೆಸರಿನಲ್ಲಿಯೇ ಇಂದಿಗೂ ಈ ಎರಡು ಪದಗಳಿವೆ. ತಾಯಿ ಉಣಿಸುವವಳು, ಅಲುಮ್ನುಸ್ ಉಂಡವನು: ಜೋಡಿ ಸರಿಯಾಗಿ ಕೂಡಿಕೊಳ್ಳುತ್ತದೆ.

ಯುರೋಪಿನಲ್ಲಿ ಇದು ಬಹುಮಟ್ಟಿಗೆ ಅಲಂಕಾರದ ಮಾತಾಗಿ ಉಳಿದರೆ ನಮ್ಮ ಭಾಗದಲ್ಲಿ ಅಕ್ಷರಶಃ ನಿಜವಾಗಿತ್ತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿದ್ದ ಘಟಿಕಾಸ್ಥಾನವನ್ನು, ಅಂದರೆ ಹಿಂದಿನ ಕಾಲದ ವಿದ್ಯಾಕೇಂದ್ರವನ್ನು, ನೆನೆಯಿರಿ. ಕಲ್ಯಾಣ ಚಾಲುಕ್ಯರ ಕಾಲದ, 1058ರ ಅಲ್ಲಿಯ ಶಾಸನ ವೇದ ಓದುವ 200 ಮಂದಿ ಮತ್ತು ಶಾಸ್ತ್ರ ಓದುವ 50 ಮಂದಿ ವಿದ್ಯಾರ್ಥಿಗಳನ್ನೂ, ಅವರಿಗೆ ಕಲಿಸುವ ಉಪಾಧ್ಯಾಯರನ್ನೂ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಹೇಳಿ ಇವರೆಲ್ಲರ ಜೀವನಕ್ಕೆಂದು ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ಪದವಿ ಪ್ರದಾನ ಸಮಾರಂಭಕ್ಕೆ ಕನ್ನಡದ ವಿಶ್ವವಿದ್ಯಾಲಯಗಳು ಬಳಸುವ ‘ಘಟಿಕೋತ್ಸವ’ ಎಂಬ ಪದದಲ್ಲಿರುವುದು ಇದೇ ಘಟಿಕೆ. ಈಚಿನ ಕಾಲಕ್ಕೆ ಬಂದರೆ, ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಬೀದರ ಜಿಲ್ಲೆಯಲ್ಲಿ ಮನೆಮಾತು. ಮಠಗಳ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲಿಯೇ ಚಾಪೆ ಹಾಸಿ ಮಲಗಿ ಡಿಗ್ರಿ ಮುಗಿಸಿದ ತಲೆಮಾರಿನವರು ಕಲಬುರಗಿ, ಬೀದರ, ಯಾದಗಿರಿಗಳಲ್ಲಿ ಇನ್ನೂ ನಮ್ಮ ನಡುವೆ ಇದ್ದಾರೆ. ‘ಅಲುಮ್ನುಸ್’ ಎಂಬ ಪದದ ಮೂಲಾರ್ಥ ಇವರಿಗೆ ಒಪ್ಪುವಷ್ಟು ಆಕ್ಸ್‌ಫರ್ಡಿನ ಶ್ರೀಮಂತರ ಮಕ್ಕಳಿಗೆ ಒಪ್ಪಲಾರದು ಎಂದೇ ನನ್ನ ಅನಿಸಿಕೆ.

ಈಗ ನಿಮ್ಮ ಸಮಾವೇಶದ ತಿದ್ದುಪಡಿಯ ವಿಷಯ. ಲ್ಯಾಟಿನ್ ವ್ಯಾಕರಣದ ಪ್ರಕಾರ, ಇಂಗ್ಲಿಷಿನವರ ಉಚ್ಚಾರಣೆಯಲ್ಲಿ ಹೇಳುವುದಾದರೆ, ಒಬ್ಬ ಗಂಡಸು ಅಲಮ್ನಸ್, ಒಬ್ಬ ಹೆಂಗಸು ಅಲಮ್ನಾ. ಗಂಡಸರು ಹಲವರಿದ್ದರೂ ಗಂಡಸರು ಹೆಂಗಸರು ಬೆರೆತಿದ್ದರೂ ಅಲಮ್ನೈ. ಹೆಂಗಸರು ಮಾತ್ರ ಹಲವರಿದ್ದರೆ ಅಲಮ್ನೀ. ಆದುದರಿಂದ ‘ನಾನು ಅಲುಮ್ನಿ’ ಎಂದು ಒಬ್ಬರೇ ಹೇಳಿಕೊಳ್ಳುವುದು ‘ನಾನು ಹಳೆಯ ವಿದ್ಯಾರ್ಥಿಗಳು’ ಎಂದಂತಾಗುತ್ತದೆ. ತಿದ್ದಿದವರು ಸರಿಯಾಗಿಯೇ ತಿದ್ದಿದ್ದಾರೆ. ‘ಅಲುಮ್ನಿಗಳು’ ಎಂಬ ರೂಪದಲ್ಲಿ ಬಹುವಚನದ ಮೇಲೆ ಬಹುವಚನ ಕುಳಿತಿದೆ. ಆದರೆ ಬೇರೆ ಭಾಷೆಯ ಬಹುವಚನವನ್ನು ಏಕವಚನವೆಂದು ಬಗೆದು ‘ಗಳು’ ಸೇರಿಸುವುದು ಕನ್ನಡಕ್ಕೆ ಸಹಜವಾದುದರಿಂದ ಕನ್ನಡ ವಾಕ್ಯದೊಳಗೆ ಅದನ್ನು ದೊಡ್ಡ ತಪ್ಪೆಂದು ಎಣಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಎಚ್ಚರ ಬೇಕು.

ಉಚ್ಚಾರಣೆಯಲ್ಲಿ ಒಂದು ತಮಾಷೆಯಿದೆ. ಪ್ರಾಚೀನ ರೋಮನ್ನರು ಪುಲ್ಲಿಂಗದ ಬಹುವಚನವನ್ನು ‘ಅಲುಮ್ನೀ’ ಎಂದೂ ಸ್ತ್ರೀಲಿಂಗದ ಬಹುವಚನವನ್ನು ‘ಅಲುಮ್ನೈ’ ಎಂದೂ ಉಚ್ಚರಿಸುತ್ತಿದ್ದರು. ಇಂಗ್ಲಿಷಿನವರ ಬಾಯಲ್ಲಿ ಇವೆರಡೂ ಸರಿಯಾಗಿ ಅದಲುಬದಲಾದವು. ಹಾಗಾಗಿ ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಹೇಳುವ ‘ಅಲುಮ್ನಿ’ ಎಂಬ ಉಚ್ಚಾರಣೆ ಲಂಡನ್ನಿನವರ ಕಿವಿಗೆ ಹೆಂಗಸರ ಗುಂಪಾಗಿ ಕೇಳಿಸಿದರೂ ರೋಮಿನವರ ಉಚ್ಚಾರಣೆಗೇ ಹತ್ತಿರವಾಗಿದೆ. ವಚನದಲ್ಲಿ ಎಡವಿದ ನಿಮ್ಮ ಸ್ನೇಹಿತರು ಉಚ್ಚಾರಣೆಯಲ್ಲಿ ಎಡವಿಲ್ಲ.

ಈ ನಾಲ್ಕು ರೂಪಗಳ ಗೊಂದಲವೇ ‘ಅಲಮ್’ ಗೆಲ್ಲುವುದಕ್ಕೆ ಮುಖ್ಯ ಕಾರಣ. ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡು ಇಂದಿಗೂ ನಡೆದುಬಂದಿರುವ ಸಂಘಗಳಲ್ಲಿ ಎಲ್ಲಕ್ಕಿಂತ ಹಳೆಯದೆಂದು ಹೆಸರಾದುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜಿನದು. ಅದು 1821ರಲ್ಲಿ ಹುಟ್ಟಿದಾಗ ಅಲ್ಲಿ ಗಂಡಸರು ಮಾತ್ರ ಓದುತ್ತಿದ್ದುದರಿಂದ ಲಿಂಗದ ಪ್ರಶ್ನೆಯೇ ಏಳಲಿಲ್ಲ. ಮುಂದೆ ಹೆಣ್ಣುಮಕ್ಕಳ ಕಾಲೇಜುಗಳು ಬಂದವು. 1881ರಲ್ಲಿ ಬಾಸ್ಟನ್ನಿನಲ್ಲಿ ಎಲೆನ್ ಸ್ವಾಲೋ ರಿಚರ್ಡ್ಸ್, ಮೇರಿಯನ್ ಟಾಲ್ಬಟ್ ಮೊದಲಾದ ಪದವೀಧರೆಯರು ಸೇರಿ ಸಂಘ ಕಟ್ಟಲು ಹೊರಟಾಗ ಅದರ ಹೆಸರಿನಲ್ಲಿ ಸ್ತ್ರೀಲಿಂಗದ ಬಹುವಚನವನ್ನೇ ಇಟ್ಟರು. ಹೆಣ್ಣುಮಕ್ಕಳಿಗೆಂದೇ ಇದ್ದ ವ್ಯಾಸರ್ ಕಾಲೇಜು 1969ರಲ್ಲಿ ಗಂಡುಮಕ್ಕಳನ್ನೂ ಸೇರಿಸಿಕೊಳ್ಳತೊಡಗಿದ ಮೇಲೆ ಅಲ್ಲಿಯ ಸಂಘದ ಹೆಸರಿನಲ್ಲಿ ಸ್ತ್ರೀಲಿಂಗದ ರೂಪದ ಬೆನ್ನಿಗೆ ಓರೆಗೆರೆ ಎಳೆದು ಪುಲ್ಲಿಂಗದ ಅಕ್ಷರವೊಂದನ್ನು ಸೇರಿಸಬೇಕಾಯಿತು. ಇಷ್ಟೆಲ್ಲ ಮಾಡುವ ಬದಲು ‘ಅಲಮ್’, ‘ಅಲಮ್ಸ್’ ಎಂದುಬಿಟ್ಟರೆ ಗಂಡು, ಹೆಣ್ಣು, ಒಬ್ಬರು, ಹಲವರು ಎಂಬ ತಕರಾರೇ ಇರುವುದಿಲ್ಲ. ನಿಮ್ಮ ಆಮಂತ್ರಣ ಬರೆದವರು ಇದನ್ನೆಲ್ಲ ಯೋಚಿಸಿ ಬರೆದರೆಂದು ನಾನು ಹೇಳುವುದಿಲ್ಲ. ಬರೆದದ್ದಂತೂ ಸರಿಯಾಗಿದೆ.

ಇದರ ವ್ಯಾಪ್ತಿಯನ್ನು ಕುರಿತು ಒಂದು ಮಾತು. ‘ಅಲಮ್’ ಎಂದರೆ ಪದವೀಧರನೇ ಆಗಬೇಕೆಂದಿಲ್ಲ. ಅಮೆರಿಕದ ಎಷ್ಟೋ ಸಂಸ್ಥೆಗಳು ಕೆಲಕಾಲ ಓದಿ ಅರ್ಧಕ್ಕೆ ಬಿಟ್ಟುಹೋದವರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಕಂಪನಿ ಬಿಟ್ಟ ನೌಕರರು, ತಂಡ ಬಿಟ್ಟ ಆಟಗಾರರು, ಟಿ.ವಿ. ಕಾರ್ಯಕ್ರಮವೊಂದರಲ್ಲಿ ಹಿಂದೆ ನಟಿಸಿದವರು ಕೂಡ ಈಗ ಅಲ್ಲಿಯ ಪತ್ರಿಕೆಗಳಲ್ಲಿ ಅಲಮ್‌ಗಳೇ. ನಮ್ಮಲ್ಲಿ ಈ ಪದಗಳ ಸದ್ದು ಹೆಚ್ಚಾದುದಕ್ಕೆ ಕಾರಣ ಬೇರೆ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆ ತನ್ನ ಐದನೆಯ ಮಾನದಂಡದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕ ಕೊಡುತ್ತದೆ. ದಶಕಗಳಿಂದ ಯಾರಿಗೂ ನೆನಪಾಗದ ನಿಮ್ಮಂಥವರ ಫೋನ್ ನಂಬರು ನ್ಯಾಕ್ ತಂಡ ಬರುವ ವರ್ಷ ದಿಢೀರನೆ ಬೇಕಾಗುವುದುಂಟು.

ಕನ್ನಡದಲ್ಲಿ ಬರೆಯುವಾಗ ‘ಹಳೆಯ ವಿದ್ಯಾರ್ಥಿ’ ಎಂಬುದೇ ನಿಲ್ಲುವ ಪದ. ಅದನ್ನು ಬಿಟ್ಟು ‘ಅಲುಮ್ನಿ ಸಂಘ’ ಎಂದು ಬರೆಯುವುದರಿಂದ ಬರುವ ಲಾಭವೇನೂ ಇಲ್ಲ. ‘ಪೂರ್ವ ವಿದ್ಯಾರ್ಥಿ’ ಎಂಬುದೂ ಬಳಕೆಯಲ್ಲಿದೆ. ನನಗೆ ‘ಹಳೆಯ’ ಎಂಬ ಸರಳವಾದ ಮಾತೇ ಹಿತವೆನಿಸುತ್ತದೆ. ಅಂದಹಾಗೆ ಇಂಗ್ಲಿಷಿನಲ್ಲಿ ಹಳೆಯದಕ್ಕೆ ಹೇಳುವ ‘ಓಲ್ಡ್’ ಎಂಬ ಪದ ಕೂಡ ‘ಅಲೆರೆ’ಯ ಮೂಲಧಾತುವಿನಿಂದಲೇ ಬಂದುದು: ಉಂಡು ಬೆಳೆದವನು ಎಂಬುದೇ ಅದರ ಒಳಗಿನ ಅರ್ಥ.

ಪ್ರಶ್ನೆ: ಬೀದರದಲ್ಲಿ ನಮ್ಮ ಮನೆಯ ಪಕ್ಕದ ಹಳೆಯ ಮನೆಯ ಫಲಕದಲ್ಲಿ ಅಲ್ಲಿದ್ದ ವಕೀಲರ ಹೆಸರಿನ ಮುಂದೆ ‘ಬಿ.ಎ. (ಅಲೀಗ್)’ ಎಂದು ಬರೆದಿದೆ. ನನ್ನ ಅಜ್ಜನವರ ಕಾಗದಗಳಲ್ಲಿ ‘ಉಸ್ಮಾನಿಯಾ’ ಎಂದಿದೆ. ಅಲೀಗ್ ಎಂಬುದೂ ಅಲಮ್ ಎಂಬುದರ ಹಾಗೆ ಪದವೀಧರರಿಗೆ ಹೇಳುವ ಮಾತೇ? ‘ಗ್ರ್ಯಾಡ್’ ಎಂಬುದು ಇವೆಲ್ಲಕ್ಕಿಂತ ಹೇಗೆ ಭಿನ್ನ?
— ಓದುಗರೊಬ್ಬರು, ಬೀದರ

ಉತ್ತರ: ಅಲೀಗ್ ಎಂಬುದಕ್ಕೂ ಅಲಮ್ ಎಂಬುದಕ್ಕೂ ಸಂಬಂಧವಿಲ್ಲ. ಅಲೀಗಢ ಎಂಬ ಊರಿನ ಹೆಸರನ್ನು ಮೊಟಕು ಮಾಡಿದ ರೂಪ ಅದು. ಆಕ್ಸ್‌ಫರ್ಡಿನಲ್ಲಿ ಓದಿದವರು ಪದವಿಯ ಮುಂದೆ ‘ಆಕ್ಸನ್’ ಎಂದೂ ಕೇಂಬ್ರಿಜಿನವರು ‘ಕ್ಯಾಂಟ್ಯಾಬ್’ ಎಂದೂ ಬರೆದುಕೊಳ್ಳುವ ರೂಢಿಯಿದೆ. ಇವು ಆ ಊರುಗಳ ಲ್ಯಾಟಿನ್ ಹೆಸರುಗಳ ಮೊಟಕು ರೂಪಗಳು. ಅಲೀಗಢದ ಕಾಲೇಜು 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ಓದಿದವರು ಆ ಮಾದರಿಯಲ್ಲೇ ‘ಅಲೀಗ್’ ಎಂದು ಬರೆದುಕೊಂಡರು. ಮುಂದೆ ಅದು ಪದವಿಯ ಬಾಲವಾಗಿ ಉಳಿಯದೆ ವ್ಯಕ್ತಿಗೇ ಹೆಸರಾಯಿತು. ‘ಅವರು ಅಲೀಗ್’ ಎಂದರೆ ಉರ್ದು ಬಲ್ಲ ಮನೆಗಳಲ್ಲಿ ಓದು, ನಡೆನುಡಿ, ಶೇರ್ವಾನಿ ಎಲ್ಲವನ್ನೂ ಒಟ್ಟಿಗೆ ಹೇಳಿದಂತೆ.

ನಿಮ್ಮ ಅಜ್ಜನವರ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾಯಿತು. ಆಗ ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಕಲಬುರಗಿ, ಬೀದರ ಕಡೆಯ ಒಂದೇ ಮನೆಯ ಪದವಿಪತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿಟ್ಟರೆ ಈ ಪ್ರದೇಶದ ಚರಿತ್ರೆಯೇ ಕಾಣುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಓದಿದ ಅಜ್ಜನವರದು ಹೈದರಾಬಾದಿನ ಉಸ್ಮಾನಿಯಾ. ಅನಂತರ ಓದಿದ ತಂದೆಯವರದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದ ಮೇಲೆ ಓದಿದ ಮಕ್ಕಳದು ಅದರ ಮುದ್ರೆ. ಈಗಿನ ಮೊಮ್ಮಕ್ಕಳದು ಬೀದರ ವಿಶ್ವವಿದ್ಯಾಲಯದ್ದೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ್ದೋ ಆಗಿರಬಹುದು. ಓದಿದ ಕಾಲೇಜು ಒಂದು, ಪದವಿ ಕೊಟ್ಟ ವಿಶ್ವವಿದ್ಯಾಲಯ ಇನ್ನೊಂದು ಎಂಬ ಸಂಯೋಜನೆಯ ಪದ್ಧತಿ ನಮ್ಮಲ್ಲಿರುವುದರಿಂದ ನಾವು ಎರಡಕ್ಕೂ ಹಳೆಯ ವಿದ್ಯಾರ್ಥಿಗಳೇ. ಆದರೂ ನೆನಪು ಹೋಗುವುದು ಕಾಲೇಜಿನ ಕಟ್ಟೆಗೇ ಹೊರತು ಪದವಿಪತ್ರದ ಮುದ್ರೆಗಲ್ಲ.

‘ಗ್ರ್ಯಾಡ್’ ಎಂಬುದು ಗ್ರ್ಯಾಜುಯೇಟ್ ಎಂಬುದರ ಮೊಟಕು ರೂಪ. 19ನೆಯ ಶತಮಾನದಿಂದಲೇ ಬಳಕೆಯಲ್ಲಿದೆ. ಅಲಮ್ ಎನ್ನುವಾಗ ಸಂಸ್ಥೆಯೊಡನೆ ಇರುವ ನಂಟು ಮುಂದೆ ಬರುತ್ತದೆ, ಗ್ರ್ಯಾಡ್ ಎನ್ನುವಾಗ ಪಡೆದ ಪದವಿ ಮುಂದೆ ಬರುತ್ತದೆ. ಇದರ ಮೂಲ ಲ್ಯಾಟಿನ್ನಿನ ‘ಗ್ರಾದುಸ್’, ಅಂದರೆ ಹೆಜ್ಜೆ ಅಥವಾ ಮೆಟ್ಟಿಲು. ಡಿಗ್ರಿ ಎಂಬ ಪದವೂ ಅದರಿಂದಲೇ ಬಂದುದು. ಬಿ.ಎ. ಡಿಗ್ರಿಯೂ ಮೇ ತಿಂಗಳಲ್ಲಿ ಕಲಬುರಗಿಯನ್ನು ಬೇಯಿಸುವ ನಲವತ್ತು ದಾಟಿದ ಡಿಗ್ರಿಯೂ ಒಂದೇ ಪದದ ಎರಡು ಅರ್ಥಗಳು. ‘ಗ್ರಾದುಸ್’ ಹುಟ್ಟಿದ ಧಾತುವಿಗೆ ನಡೆ ಎಂದರ್ಥ. ಕೂಡಿ ನಡೆದು ಬಂದು ಸೇರುವುದು ಕಾಂಗ್ರೆಸ್, ಮುಂದಕ್ಕೆ ನಡೆಯುವುದು ಪ್ರೋಗ್ರೆಸ್. ಅತ್ತ ‘ಅಲೆರೆ’ಯ ಕುಲದಲ್ಲಿ ಕೂಡಿ ಬೆಳೆಯುವುದಕ್ಕೆ ಕೊಅಲಿಷನ್ ಎಂಬ ಮಾತಿದೆ, ಹೆಂಡತಿಗೆ ಕೊಡಬೇಕಾದ ಜೀವನಾಂಶಕ್ಕೆ ಆಲಿಮೊನಿ ಎಂಬ ಮಾತಿದೆ. ರಾಜಕಾರಣಿಗಳಿಗೂ ವಕೀಲರಿಗೂ ಬೇಕಾದ ಪದಗಳನ್ನು ಈ ಎರಡು ಧಾತುಗಳೇ ಒದಗಿಸಿಬಿಟ್ಟಿವೆ.

ಅಮೆರಿಕದಲ್ಲಿ ‘ಗ್ರ್ಯಾಡ್ ಸ್ಟೂಡೆಂಟ್’ ಎಂದರೆ ನಮ್ಮ ಲೆಕ್ಕದಲ್ಲಿ ಪಿ.ಜಿ. ವಿದ್ಯಾರ್ಥಿ, ಡಿಗ್ರಿ ಓದುತ್ತಿರುವವನು ‘ಅಂಡರ್‌ಗ್ರ್ಯಾಡ್’. ಅಲ್ಲಿ ಹೈಸ್ಕೂಲು ಮುಗಿಸಿದ ಹುಡುಗನನ್ನೂ ಗ್ರ್ಯಾಜುಯೇಟ್ ಎನ್ನುವುದುಂಟು. ಅಲ್ಲಿಂದ ಬಂದ ಮೊಮ್ಮಗ ‘ಈ ವರ್ಷ ಗ್ರ್ಯಾಜುಯೇಟ್ ಆದೆ’ ಎಂದರೆ ಯಾವುದರಿಂದ ಎಂದು ಕೇಳಿಯೇ ಪೇಢೆ ಹಂಚಬೇಕು.

ನಮ್ಮ ಪದಗಳೂ ಕಡಿಮೆಯವಲ್ಲ. ಸಂಸ್ಕೃತದ ‘ಪದವೀ’ ಎಂದರೆ ದಾರಿ, ಹೆಜ್ಜೆಯ ಜಾಡು, ಅನಂತರ ಸ್ಥಾನಮಾನ. ‘ಗ್ರಾದುಸ್’ ನಡೆದ ಹಾದಿಯನ್ನೇ ಅದೂ ನಡೆದಿದೆ. ‘ಸ್ನಾತಕ’ನ ದಾರಿ ಬೇರೆ: ಗುರುಕುಲದ ಓದು ಮುಗಿದಾಗ ಮಾಡುವ ಸಮಾವರ್ತನದ ಸ್ನಾನವನ್ನು ಮಾಡಿದವನು ಸ್ನಾತಕ. ಯುರೋಪಿನವನು ಮೆಟ್ಟಿಲು ಹತ್ತಿ ಪದವೀಧರನಾದರೆ ನಮ್ಮವನು ಮಿಂದು ಪದವೀಧರನಾದ. ಎಂ.ಎ. ಓದುವವರನ್ನು ಸ್ನಾತಕೋತ್ತರ ವಿದ್ಯಾರ್ಥಿಗಳೆಂದು ಕರೆಯುವಾಗ ಈ ಸ್ನಾನದ ನೆನಪು ಈಗ ಯಾರಿಗೂ ಬರುವುದಿಲ್ಲ.

ಪ್ರಶ್ನೆ: ಕೆಲಸದ ಅರ್ಜಿಯೊಂದರಲ್ಲಿ ನಾನು ಇಂಗ್ಲಿಷಿನಲ್ಲಿ ‘2019ರ ಪಾಸ್‌ಔಟ್’ ಎಂದು ಬರೆದುದಕ್ಕೆ ಸಂದರ್ಶನದಲ್ಲಿ ನಕ್ಕರು. ನಮ್ಮ ಕಡೆ ಎಲ್ಲರೂ ಹಾಗೆಯೇ ಹೇಳುತ್ತೇವೆ. ಅದು ತಪ್ಪೇ? ನನ್ನ ಗೆಳೆಯ ಮೂರು ವರ್ಷ ಕಾಲೇಜಿಗೆ ಬಂದರೂ ಎರಡು ವಿಷಯ ಇನ್ನೂ ಉಳಿಸಿಕೊಂಡಿದ್ದಾನೆ. ಅವನನ್ನು ಏನೆಂದು ಕರೆಯಬೇಕು?
— ಓದುಗರೊಬ್ಬರು, ಯಾದಗಿರಿ

ಉತ್ತರ: ‘ಪಾಸ್‌ಔಟ್’ ಎಂಬುದು ಪದವೀಧರರಿಗೆ ಭಾರತದ ಇಂಗ್ಲಿಷ್ ತಾನೇ ಮಾಡಿಕೊಂಡ ಆಡುಮಾತು. ಸೈನ್ಯದ ತರಬೇತಿ ಮುಗಿದಾಗ ನಡೆಯುವ ಪಾಸಿಂಗ್‌ಔಟ್ ಪೆರೇಡಿನಲ್ಲಿ ಈ ಅರ್ಥ ಬ್ರಿಟಿಷರ ಇಂಗ್ಲಿಷಿನಲ್ಲೂ ಉಂಟು. ಆದರೆ ದಿನಬಳಕೆಯಲ್ಲಿ ಇಂಗ್ಲೆಂಡಿನವರಿಗೂ ಅಮೆರಿಕದವರಿಗೂ ‘ಪಾಸ್ ಔಟ್’ ಎಂದರೆ ಮೂರ್ಛೆ ಹೋಗುವುದು. ‘2019ರಲ್ಲಿ ಮೂರ್ಛೆ ಹೋದವನು’ ಎಂದು ಓದಿಕೊಂಡವರು ನಕ್ಕಿರಬೇಕು. ಊರಿನಲ್ಲಿ ಗೆಳೆಯರೊಡನೆ ‘ನಮ್ದು ಒಂದೇ ಪಾಸ್‌ಔಟ್ ಬ್ಯಾಚ್’ ಎನ್ನುವುದಕ್ಕೆ ಅಡ್ಡಿಯಿಲ್ಲ. ಅರ್ಜಿಯಲ್ಲಿ ಮಾತ್ರ ‘2019ರಲ್ಲಿ ಪದವಿ ಪಡೆದಿದ್ದೇನೆ’ ಎಂಬ ಅರ್ಥ ಬರುವಂತೆ ಗ್ರ್ಯಾಜುಯೇಟ್ ಎಂಬ ಪೂರ್ಣ ಪದವನ್ನು ಬಳಸಿ ಬರೆಯಿರಿ. ‘ಗ್ರ್ಯಾಡ್’, ‘ಅಲಮ್’ ಎಂಬ ಮೊಟಕು ರೂಪಗಳೂ ಅಲ್ಲಿ ಬೇಡ.

ನಿಮ್ಮ ಗೆಳೆಯನಿಗೆ ಇಂಗ್ಲಿಷಿಗಿಂತ ನಮ್ಮ ಹಿಂದಿನವರೇ ಒಳ್ಳೆಯ ಹೆಸರನ್ನು ಇಟ್ಟಿದ್ದಾರೆ. ಮನೆಯ ಸಂಸ್ಕಾರಗಳ ವಿಧಿಗಳನ್ನು ಹೇಳುವ ಪ್ರಾಚೀನ ಗ್ರಂಥಗಳಾದ ಗೃಹ್ಯಸೂತ್ರಗಳು ಸ್ನಾತಕರನ್ನು ಮೂರು ಬಗೆಯಾಗಿ ಹೇಳುತ್ತವೆ: ಬ್ರಹ್ಮಚರ್ಯವ್ರತದ ಅವಧಿ ಮುಗಿಯದಿದ್ದರೂ ವಿದ್ಯೆ ಮುಗಿಸಿದವನು ವಿದ್ಯಾಸ್ನಾತಕ, ವಿದ್ಯೆ ಮುಗಿಯದಿದ್ದರೂ ಅವಧಿ ಮುಗಿಸಿದವನು ವ್ರತಸ್ನಾತಕ, ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕ. ಮೂರು ವರ್ಷ ತಪ್ಪದೆ ಬಂದು ಎರಡು ವಿಷಯ ಉಳಿಸಿಕೊಂಡ ನಿಮ್ಮ ಗೆಳೆಯ ವ್ರತಸ್ನಾತಕ. ಈಗಿನ ಮಾತಿನಲ್ಲಿ ಅವನನ್ನು ಅಲಮ್ ಎನ್ನಬಹುದು, ಗ್ರ್ಯಾಡ್ ಎನ್ನುವಂತಿಲ್ಲ. ಸಮಾವೇಶಕ್ಕೆ ಬಂದು ಊಟ ಮಾಡಲು ಅವನಿಗೆ ಪೂರ್ಣ ಅಧಿಕಾರವಿದೆ.

ಈ ವ್ಯತ್ಯಾಸಕ್ಕೆ ಕಾನೂನಿನಲ್ಲಿ ಬೆಲೆಯಿರುವ ಸ್ಥಳವೂ ಒಂದಿದೆ. ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಸ್ಥಾನಗಳು ಪದವೀಧರರ ಕ್ಷೇತ್ರಗಳಿಂದ ತುಂಬುತ್ತವೆ. ಯಾದಗಿರಿಯೂ ಕಲಬುರಗಿ, ಬೀದರಗಳೂ ಈಶಾನ್ಯ ಪದವೀಧರರ ಕ್ಷೇತ್ರಕ್ಕೆ ಸೇರಿವೆ. ಅಲ್ಲಿ ಮತ ಹಾಕಬೇಕಾದರೆ ಅರ್ಹತೆಯ ದಿನಾಂಕಕ್ಕೆ ಪದವಿ ಪಡೆದು ಕನಿಷ್ಠ ಮೂರು ವರ್ಷ ಆಗಿರಬೇಕು. ನಮೂನೆ 18ರಲ್ಲಿ ಅರ್ಜಿ ಕೊಟ್ಟು ಪದವಿಯ ದಾಖಲೆ ತೋರಿಸಬೇಕು. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಹೆಸರು ಬರುವುದಿಲ್ಲ. ಪ್ರತಿ ಚುನಾವಣೆಗೂ ಈ ಪಟ್ಟಿಯನ್ನು ಹೊಸದಾಗಿ ಮಾಡುವುದರಿಂದ ಹಿಂದಿನ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ನೀವು 2019ರಲ್ಲಿಯೇ ಪದವಿ ಪಡೆದಿರುವುದರಿಂದ ಈಗಲೇ ಅರ್ಹರು. ನಿಮ್ಮ ಗೆಳೆಯ ಉಳಿದ ಎರಡು ವಿಷಯ ಮುಗಿಸಿದ ಮೇಲೆ ಇನ್ನೂ ಮೂರು ವರ್ಷ ಕಾಯಬೇಕು.